ಪದ್ಯ ಹಿಡಿದು ಹುಡುಕುವುದು: ಶಿರಸಿ ಕಡೆಯ ಒಂದು ಯಕ್ಷಗಾನ ವಿಡಿಯೊ ಸಂಗ್ರಹದ ಪ್ರಕರಣ

ಶಿರಸಿ ಮತ್ತು ಸಿದ್ದಾಪುರದ ನಡುವಿನ ಒಂದು ಊರಿನಲ್ಲಿ ನನ್ನ ಸೋದರಮಾವನ ಮನೆ ಇದೆ. ಆ ಮನೆಯಲ್ಲಿ ಮುನ್ನೂರು ಗಂಟೆಗೂ ಜಾಸ್ತಿ ಯಕ್ಷಗಾನ, ತಾಳಮದ್ದಲೆಯ ವಿಡಿಯೊ ಇದೆ. ಮೊದಲಿನವು ವಿಎಚ್‌ಎಸ್ ಕ್ಯಾಸೆಟ್. ಆಮೇಲೆ ಮಿನಿ ಡಿವಿ ಟೇಪು, ಡಿವಿಡಿ, ಈಚೆಗೆ ಮೊಬೈಲು. ಮಳೆಗಾಲದ ಥಂಡಿಗೆ ಕೆಲವು ಕ್ಯಾಸೆಟ್‌ಗಳಿಗೆ ಬೂಸಲು ಹಿಡಿದಿತ್ತು. ಉಳಿದವನ್ನು ಕಂಪ್ಯೂಟರಿಗೆ ಹಾಕಿ ಮುಗಿದಿತ್ತು. ಆದರೆ ಬೇಕಾದ್ದನ್ನು ಹುಡುಕುವ ದಾರಿ ಒಂದೇ ಇತ್ತು: ಮಾವನನ್ನು ಕೇಳುವುದು. ಯಾವ ಕೂಟ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ತಾಳಮದ್ದಲೆ), ಯಾವ ಊರು, ಅಂದು ಭಾಗವತರು ಯಾರು, ಎಲ್ಲ ಅವರ ತಲೆಯಲ್ಲೇ ಇದೆ. ಕಡತದ ಹೆಸರಿನಲ್ಲಿ ಇರುವುದು ಪ್ರಸಂಗ (ಆಡುವ ಕಥೆ), ಊರು, ಕೆಲವಕ್ಕೆ ವರ್ಷ. ಅಷ್ಟೇ.

ಪಕ್ಕದೂರಿನ ಒಬ್ಬ ಹುಡುಗ ಅರ್ಥಗಾರಿಕೆ (ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಕಲೆ) ಕಲಿಯುತ್ತಿದ್ದಾನೆ. ಅವನು ಬಂದು ಕೇಳಿದ್ದು ಇದು: "ಅಜ್ಜ, ಕೃಷ್ಣ ಜನ್ಮರಹಸ್ಯ ಹೇಳಿದ ಮೇಲೂ ಕರ್ಣ ಕೌರವನನ್ನು ಬಿಡೋದಿಲ್ಲ ಅಂತಾನಲ್ಲ, ಆ ಜಾಗವನ್ನು ಬೇರೆ ಬೇರೆಯವರು ಹೇಗೆ ಹೇಳಿದ್ದಾರೆ ಅಂತ ನೋಡ್ಬೇಕಿತ್ತು." ಮಾವನಿಗೆ ಉತ್ತರ ಗೊತ್ತು. ಆದರೆ ನಾಲ್ಕು ಗಂಟೆಯ ಕಡತದಲ್ಲಿ ಅದು ಎಷ್ಟನೇ ನಿಮಿಷ ಅಂತ ಅವರಿಗೂ ಹೇಳಲಾಗದು. ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಡೀ ಸಂಗ್ರಹವನ್ನು ಅರ್ಥದಿಂದ (ಶಬ್ದದಿಂದಲ್ಲ, ಮಾತಿನ ತಾತ್ಪರ್ಯದಿಂದ) ಹುಡುಕುವಂತೆ ಮಾಡಲು ಹೊರಟೆವು. ಆ ಕೆಲಸದ ಪೂರ್ತಿ ವಿವರ ಇಲ್ಲಿದೆ.

ಯಕ್ಷಗಾನ ಅಷ್ಟು ಪರಿಚಯ ಇಲ್ಲದವರಿಗೆ ಒಂದು ಮಾತು ಮೊದಲೇ ಹೇಳಬೇಕು. ಭಾಗವತರು ಹಾಡುವ ಪದ್ಯ ಪುಸ್ತಕದಲ್ಲಿ ಇರುತ್ತದೆ. ಅದಕ್ಕೆ ಹೇಳುವ ಅರ್ಥ ಎಲ್ಲಿಯೂ ಬರೆದಿರುವುದಿಲ್ಲ. ಅರ್ಥಧಾರಿ ಆ ಹೊತ್ತಿಗೆ ತಾನೇ ಕಟ್ಟಿಕೊಂಡು ಹೇಳುತ್ತಾನೆ. ಅದೇ ಪದ್ಯಕ್ಕೆ ಒಬ್ಬರು ಎರಡು ನಿಮಿಷ ಹೇಳಿದರೆ ಇನ್ನೊಬ್ಬರು ಇಪ್ಪತ್ತು ನಿಮಿಷ ಹೇಳುತ್ತಾರೆ. ಮಾತುಗಳು ಬೇರೆ, ಉಪಮೆಗಳು ಬೇರೆ, ಕರೆಯುವ ಹೆಸರೂ ಬೇರೆ. ಕೃಷ್ಣ ಮಾತಾಡುವಾಗ "ಕರ್ಣ" ಎಂಬ ಶಬ್ದವೇ ಬಾರದೆ ಹತ್ತು ನಿಮಿಷ ಹೋಗಬಹುದು. ರಾಧೇಯ ಅಂತಾನೆ, ಅಂಗಾಧಿಪ ಅಂತಾನೆ, ಭಾನುಸುತ ಅಂತಾನೆ, ಸುಮ್ನೆ ಭಾವ ಅಂತಲೂ ಅನ್ನಬಹುದು. ಹೀಗಿರುವಾಗ ಶಬ್ದ ಕೊಟ್ಟು ಹುಡುಕಿದರೆ ಏನು ಸಿಗುತ್ತದೆ?

ಅರ್ಥದಿಂದ ಹುಡುಕುವುದು

ವಿಡಿಯೊದ ಒಳಗಿರುವುದನ್ನು ಹುಡುಕುವ ಪ್ರಯತ್ನ ಹೊಸದಲ್ಲ. ಮಾಹಿತಿ ಹುಡುಕುವ ತಂತ್ರಗಳನ್ನು ಒರೆಗೆ ಹಚ್ಚುವ ಅಮೆರಿಕದ ಟ್ರೆಕ್ ಸಮ್ಮೇಳನದಲ್ಲಿ ಇದಕ್ಕೆಂದೇ ಒಂದು ವಿಭಾಗ 2001ರಲ್ಲಿ ಶುರುವಾಯಿತು. 2003ರಿಂದ ಅದು ಟ್ರೆಕ್‌ವಿಡ್ ಎಂದು ಬೇರೆಯಾಗಿ ನಡೆಯುತ್ತಿದೆ. ಆಗಿನ ವ್ಯವಸ್ಥೆಗಳಿಗೆ ಕಾರು, ಕಟ್ಟಡ, ಗುಂಪು, ಮುಖ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಕಲಿಸಬೇಕಿತ್ತು. ಕಲಿಸಿದ ಪಟ್ಟಿಯಲ್ಲಿ ಇಲ್ಲದ್ದು ಸಿಗುತ್ತಿರಲಿಲ್ಲ.

ಈಗಿನ ದಾರಿ ಬೇರೆ. ಒಂದು ಚಿತ್ರವನ್ನೋ ಒಂದು ವಾಕ್ಯವನ್ನೋ ಮಾದರಿಗೆ (ಅಪಾರ ಚಿತ್ರ, ಬರಹ ನೋಡಿ ಕಲಿತ ಕಂಪ್ಯೂಟರ್ ತಂತ್ರಾಂಶಕ್ಕೆ) ಕೊಟ್ಟರೆ ಅದು ಕೆಲವು ನೂರು ಸಂಖ್ಯೆಗಳ ಒಂದು ಸಾಲು ಕೊಡುತ್ತದೆ. ಇದನ್ನು ವೆಕ್ಟರ್ ಅನ್ನುತ್ತಾರೆ. ಅರ್ಥ ಹತ್ತಿರವಿದ್ದರೆ ಸಾಲುಗಳೂ ಹತ್ತಿರ. ನಮ್ಮ ಕಡೆ ಅಡಿಕೆ ಆರಿಸುವವರು ಪ್ರತಿ ಅಡಿಕೆಯ ಬಣ್ಣ, ತೂಕ, ಗಟ್ಟಿತನ ನೋಡಿ ಚಾಲಿ ಇತ್ತ, ಕೋಕ ಅತ್ತ ಅಂತ ಹಾಕುತ್ತಾರಲ್ಲ, ಯಾವ ಅಡಿಕೆಯ ಮೇಲೂ ಹೆಸರು ಬರೆದಿರುವುದಿಲ್ಲ. ಇಲ್ಲಿಯೂ ಹಾಗೆಯೇ. ಶಬ್ದ ಕೂಡಿಬರಬೇಕೆಂದಿಲ್ಲ, ಗುಣ ಕೂಡಿಬಂದರೆ ಸಾಕು. ಹುಡುಕುವಾಗ ನಮ್ಮ ಪ್ರಶ್ನೆಯನ್ನೂ ಅಂಥದೇ ಸಾಲು ಮಾಡಿ, ಅದಕ್ಕೆ ಅತಿ ಹತ್ತಿರ ಇರುವ ತುಣುಕುಗಳನ್ನು ಎತ್ತಿ ತೋರಿಸುವುದು.

ಕೇಳಲು ಸುಲಭ. ಕಷ್ಟ ಇರುವುದು ಒಂದು ಪ್ರಶ್ನೆಯಲ್ಲಿ: ಯಾವುದನ್ನು ಒಂದು ತುಣುಕು ಅನ್ನುವುದು, ಆ ತುಣುಕಿನ ಅರ್ಥವನ್ನು ಎಲ್ಲಿಂದ ತೆಗೆಯುವುದು? ಚಿತ್ರದಿಂದಲೇ? ಮಾತಿನಿಂದಲೇ?

ಚಿತ್ರ ಎಷ್ಟು ಹೇಳುತ್ತದೆ

ಮೊದಲು ಚಿತ್ರವನ್ನೇ ನೋಡಿದೆವು. ಓಪನ್‌ಎಐ 2021ರ ಜನವರಿಯಲ್ಲಿ ಬಿಡುಗಡೆ ಮಾಡಿದ ಕ್ಲಿಪ್ ಎಂಬ ಮಾದರಿ ಇದೆ. 40 ಕೋಟಿ ಚಿತ್ರಗಳನ್ನು ಅವುಗಳ ಜೊತೆಗಿದ್ದ ಬರಹದೊಂದಿಗೆ ನೋಡಿ ಅದು ಕಲಿತಿದೆ. ಎರಡು ಸೆಕೆಂಡಿಗೆ ಒಂದು ಚಿತ್ರ ತೆಗೆದರೆ ನೂರು ಗಂಟೆಗೆ 1,80,000 ಚಿತ್ರ. ಕ್ಲಿಪ್‌ನ ಚಿಕ್ಕ ಆವೃತ್ತಿಯಲ್ಲಿ ಒಂದು ಚಿತ್ರಕ್ಕೆ 512 ಸಂಖ್ಯೆ. ಒಟ್ಟು 370 ಎಂಬಿಯಷ್ಟು. ಸಾಮಾನ್ಯ ಲ್ಯಾಪ್‌ಟಾಪಿಗೆ ಇದೇನೂ ಭಾರವಲ್ಲ. ಮೂಲ ಕ್ಲಿಪ್ ಕಲಿತದ್ದು ಇಂಗ್ಲಿಷ್ ಬರಹದಿಂದ. ಹಾಗಾಗಿ ಕನ್ನಡದ ಪ್ರಶ್ನೆಯನ್ನು ಇಂಡಿಕ್‌ಟ್ರಾನ್ಸ್2 ಎಂಬ ಅನುವಾದದ ಮಾದರಿಯ ಮೂಲಕ ದಾಟಿಸಿ ಕೊಟ್ಟೆವು.

ಸಿಕ್ಕಿದ್ದು ಹೊರಗಿನ ವಿವರ. ಇಬ್ಬರು ಎದುರುಬದುರು ನಿಂತದ್ದು, ಒಬ್ಬ ಕುಣಿಯುವುದು, ಆಯುಧ ಎತ್ತಿದ್ದು, ಸ್ತ್ರೀವೇಷ ಬಂದದ್ದು, ಸಭೆ ಕಾಣುವುದು. ಇಷ್ಟೂ ಉಪಯೋಗಕ್ಕೆ ಬರುತ್ತದೆ, ಇಲ್ಲ ಅನ್ನಲಾರೆ. ಆದರೆ ಕರ್ಣನಿಗೂ ಅರ್ಜುನನಿಗೂ ಇರುವುದು ಮುಂಡಾಸಿನ ವೇಷವೇ. ಚಿತ್ರ ನೋಡಿ ಅದು ಯಾರೆಂದು ಹೇಳಲು ಮಾದರಿಗೆ ಸಾಧ್ಯವಿಲ್ಲ. ಕಥೆ ಗೊತ್ತಿಲ್ಲದ ಮನುಷ್ಯನಿಗೂ ಸಾಧ್ಯವಿಲ್ಲ. ಇನ್ನು ತಾಳಮದ್ದಲೆಯಲ್ಲಂತೂ ವೇಷವೇ ಇಲ್ಲ. ಪಂಚೆ, ಅಂಗಿ, ಶಾಲು, ಎದುರಿಗೊಂದು ಮೈಕು. ಮೊದಲ ನಿಮಿಷದ ಚಿತ್ರಕ್ಕೂ ನೂರನೇ ನಿಮಿಷದ ಚಿತ್ರಕ್ಕೂ ವ್ಯತ್ಯಾಸ ಇಲ್ಲ. ರಾಮಾಯಣದ ಕೂಟಕ್ಕೂ ಭಾರತದ ಕೂಟಕ್ಕೂ ಇಲ್ಲ.

ಕುಣಿತದಲ್ಲಿ ಇನ್ನೊಂದು ತೊಡಕು. ಬಡಗಿನ (ಯಕ್ಷಗಾನದ ಉತ್ತರದ ಶೈಲಿಯ) ಮಂಡಿ ಕುಣಿತವನ್ನು ನಿಂತ ಚಿತ್ರದಲ್ಲಿ ಹಿಡಿಯಲಾಗದು. ಎರಡು ಸೆಕೆಂಡಿಗೆ ಒಂದರಂತೆ ತೆಗೆದ ಚಿತ್ರದಲ್ಲಿ ಅದು ಮಂಡಿಯೂರಿ ಕೂತ ವೇಷವಾಗಿ ಕಾಣುತ್ತದೆ, ಅಷ್ಟೇ. ತಿರುಗುವಿಕೆಯೇ ಅದರ ಜೀವ. ಅದಕ್ಕೆ ಚಲನೆಯನ್ನು ನೋಡುವ ಬೇರೆ ಜಾತಿಯ ಮಾದರಿ ಬೇಕು. ಅದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟೆವು.

ಕಲಾವಿದರ ಹೆಸರಿನಿಂದ ಹುಡುಕುವುದು ಎಲ್ಲರಿಗೂ ಬೇಕಾದದ್ದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ಅವರು ತೀರಿಕೊಂಡರು. ಅವರ ಭಸ್ಮಾಸುರ ಎಲ್ಲಿದೆ ಎಂದು ಕೇಳದ ಆಟದ (ವೇಷ ಕಟ್ಟಿ ಆಡುವ ಯಕ್ಷಗಾನದ) ಮರುಳರು ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ, ಅಲ್ವಾ? ಮುಖ ಗುರುತಿಸುವ ತಂತ್ರ ಬಣ್ಣ ಬಳಿದ ಮುಖದ ಮೇಲೆ ನಡೆಯಲಿಲ್ಲ. ಇಲ್ಲಿ ನೆರವಿಗೆ ಬಂದದ್ದು ಕಾಗದ. ಮಾವ ಆಟದ ಕರಪತ್ರಗಳನ್ನು ಕಟ್ಟು ಕಟ್ಟಿ ಇಟ್ಟಿದ್ದರು. ಹಿಮ್ಮೇಳದಲ್ಲಿ (ಹಾಡು, ವಾದ್ಯ) ಯಾರು, ಮುಮ್ಮೇಳದಲ್ಲಿ (ವೇಷ) ಯಾರು ಎಂದು ಅದರಲ್ಲೇ ಅಚ್ಚಾಗಿದೆ. ಅವುಗಳ ಫೋಟೊ ತೆಗೆದು, ಅಕ್ಷರ ಓದಿಸಿ, ಕಡತಕ್ಕೆ ಜೋಡಿಸಿದೆವು. ಕೊನೆಗಳಿಗೆಯಲ್ಲಿ ವೇಷ ಬದಲಾದ ಕಡೆ ಮಾವ ತಿದ್ದಿದರು. ಹೆಸರಿನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ನಂಬಬಹುದಾದ ಭಾಗ ಈ ಕರಪತ್ರಗಳೇ. ಮನೆಯಲ್ಲಿ ಇಂಥವು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಮಾತು ಎಷ್ಟು ಹೇಳುತ್ತದೆ

ಮಾತನ್ನು ಬರಹಕ್ಕೆ ಇಳಿಸಲು ಈಗ ಸಾಕಷ್ಟು ಮಾದರಿಗಳಿವೆ. 2022ರಲ್ಲಿ ಬಂದ ವಿಸ್ಪರ್ 6,80,000 ಗಂಟೆಗಳ ಧ್ವನಿಯಿಂದ ಕಲಿತದ್ದು. ಅದರಲ್ಲಿ ಕನ್ನಡದ ಪಾಲು ತೀರಾ ಸಣ್ಣದು. ಐಐಟಿ ಮದ್ರಾಸಿನ ಎಐ4ಭಾರತ ತಂಡ ಭಾರತದ 22 ಭಾಷೆಗಳಿಗಾಗಿ ಇಂಡಿಕ್‌ಕನ್‌ಫಾರ್ಮರ್ ಮಾಡಿದೆ. ನಮ್ಮ ಕೆಲಸಕ್ಕೆ ಅದನ್ನೇ ಹಿಡಿದೆವು.

ಅರ್ಥಗಾರಿಕೆಯ ಮಾತು ಗ್ರಾಂಥಿಕ, ಉಚ್ಚಾರ ಸ್ಪಷ್ಟ. ಹಾಗಾಗಿ ಮಾತಿನ ಭಾಗ ಓದುವಷ್ಟು ಚೆನ್ನಾಗಿ ಬಂತು. ಉದ್ದ ಸಮಾಸಗಳು ಮುರಿದವು, ಹೆಸರುಗಳು ತಪ್ಪಿದವು. ಅದನ್ನು ಸಹಿಸಿಕೊಳ್ಳಬಹುದು. ಹಾಡಿನ ಭಾಗ ಮಾತ್ರ ಪೂರ್ತಿ ಹಾಳು. ಭಾಗವತರು ಒಂದು ಅಕ್ಷರವನ್ನು ಎಳೆಯುತ್ತಾರೆ, ಒಂದು ಸಾಲನ್ನು ಮೂರು ಸಲ ಹೇಳುತ್ತಾರೆ, ನಡುವೆ ಮದ್ದಲೆ, ಮೇಲಿಂದ ಚಂಡೆ. ಇಂಥ ಕಡೆ ಧ್ವನಿ ಮಾದರಿಗಳು ಇಲ್ಲದ ವಾಕ್ಯವನ್ನು ತಾವೇ ಹುಟ್ಟಿಸಿ ಬರೆಯುವುದೂ ಉಂಟು.

ಅರ್ಥದ ಮಾತನ್ನು 30 ಸೆಕೆಂಡಿನ ತುಣುಕು ಮಾಡಿ ವೆಕ್ಟರ್ ತೆಗೆದೆವು. ಇದಕ್ಕೆ ಗೂಗಲ್‌ನವರು 2020ರಲ್ಲಿ ಪ್ರಕಟಿಸಿದ ಲಾಬ್ಸೆ ಬಳಸಿದೆವು. ಅದು ಬಲ್ಲ 109 ಭಾಷೆಗಳಲ್ಲಿ ಕನ್ನಡವೂ ಒಂದು. ನೂರು ಗಂಟೆಗೆ 12,000 ತುಣುಕು, ಒಂದಕ್ಕೆ 768 ಸಂಖ್ಯೆ, ಒಟ್ಟು 37 ಎಂಬಿ. ಇದಕ್ಕೆ ದೊಡ್ಡ ಸರ್ವರ್ ಬೇಡ, ಬಾಡಿಗೆಯ ಡೇಟಾಬೇಸ್ ಬೇಡ. ಎಲ್ಲವನ್ನೂ ಒಂದೊಂದಾಗಿ ಹೋಲಿಸಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಊರಿನ ಸಂಗ್ರಹಗಳಿಗೆ ಇದು ಆಗದ ಕೆಲಸ ಅಂದುಕೊಂಡವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಆದರೂ ಹುಡುಗನ ಪ್ರಶ್ನೆಗೆ ಉತ್ತರ ಸರಿಯಾಗಿ ಬರಲಿಲ್ಲ. ಕಾರಣ ತಿಳಿಯುವುದು ಕಷ್ಟವೇನಲ್ಲ. ಅರ್ಧ ನಿಮಿಷದ ತುಣುಕಿನಲ್ಲಿ ಕರ್ಣ ತನ್ನ ಬಾಲ್ಯದ ಅವಮಾನವನ್ನೋ, ಋಣ ಎಂದರೆ ಏನು ಎಂಬುದನ್ನೋ, ಸೂರ್ಯನ ಬೆಳಕನ್ನೋ ಹೇಳುತ್ತಿರುತ್ತಾನೆ. "ಕೌರವನನ್ನು ಬಿಡಲಾರೆ" ಎನ್ನುವುದು ಆ ತುಣುಕಿನ ಒಳಗೆ ಇರುವುದೇ ಇಲ್ಲ. ಅದು ಆ ಇಡೀ ಹದಿನೈದು ನಿಮಿಷದ ಅರ್ಥ. ತುಣುಕು ಮಾಡಿದಾಗಲೇ ಅದು ಕಳೆದುಹೋಗಿರುತ್ತದೆ.

ಪದ್ಯವೇ ಕೊಂಡಿ

ದಾರಿ ತೋರಿಸಿದ್ದು ಮಾವ. ಪರದೆಯ ಮೇಲೆ ತುಣುಕುಗಳ ಪಟ್ಟಿ ನೋಡುತ್ತಾ, "ತಮಾ, ಇದು ಯಾವ ಪದ್ಯದ ಅರ್ಥ ಅಂತ ಹೇಳಿದ್ರೆ ಸಾಕಲ್ಲ, ಉಳಿದದ್ದು ಎಲ್ಲ ಅದ್ರಲ್ಲೇ ಬಂತಲ್ಲ" ಅಂದರು. ಅವರು ಮೊದಲಿನಿಂದಲೂ ಹುಡುಕುತ್ತಿದ್ದದ್ದು ಹಾಗೆಯೇ. ಕೂಟದ ನೆನಪು ಅವರಲ್ಲಿ ಪದ್ಯದ ಸರದಿಯಲ್ಲಿ ಕೂತಿದೆ.

ಸಿನಿಮಾಕ್ಕೆ ಒಂದು ಶಾಟು ಹೇಗೋ, ಆಟಕ್ಕೂ ಕೂಟಕ್ಕೂ ಒಂದು ಪದ್ಯ ಮತ್ತು ಅದರ ಅರ್ಥ ಹಾಗೆ. ಅಲ್ಲಿಯೇ ಕತ್ತರಿಸಬೇಕು. ಗಡಿಯಾರ ನೋಡಿ ಕತ್ತರಿಸಿದರೆ ಆಗದು. ಈ ಪ್ರಕರಣದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ. ಮಾದರಿ ಯಾವುದು ಎಂಬುದಕ್ಕಿಂತ ಆ ಕಲೆಗೆ ತನ್ನದೇ ಆದ ಗೆಣ್ಣು ಎಲ್ಲಿದೆ ಎಂಬುದು ಹೆಚ್ಚಿನ ಪ್ರಶ್ನೆ.

ಇನ್ನೊಂದು ಲಾಭವೂ ಇತ್ತು. ಅರ್ಥ ಬರಹದಲ್ಲಿ ಇಲ್ಲ, ಆದರೆ ಪದ್ಯ ಇದೆ. ಪ್ರಸಂಗ ಪುಸ್ತಕದ ಪಠ್ಯ ಕೈಯಲ್ಲಿದ್ದರೆ, ಹಾಡನ್ನು ತಪ್ಪಿಲ್ಲದೆ ಬರಹಕ್ಕೆ ಇಳಿಸುವ ಅಗತ್ಯವೇ ಬೀಳುವುದಿಲ್ಲ. ಹಾಳಾದ ಬರಹ ಪುಸ್ತಕದ ಯಾವ ಪದ್ಯಕ್ಕೆ ಹತ್ತಿರ ಎಂದು ತಿಳಿದರೆ ಆಯಿತು. ಗುರುತಿಸುವ ಕೆಲಸ ಹೋಲಿಸುವ ಕೆಲಸವಾಗುತ್ತದೆ. ಇದು ಎಷ್ಟೋ ಸುಲಭ.

ಮೊದಲು ಹಾಡು ಎಲ್ಲಿ, ಮಾತು ಎಲ್ಲಿ ಎಂದು ಬೇರೆ ಮಾಡಬೇಕು. ಆಡಿಯೊಸೆಟ್ ಎಂಬ ಸದ್ದುಗಳ ಸಂಗ್ರಹದಿಂದ ಕಲಿತ ಯಾಮ್‌ನೆಟ್ ಎಂಬ ಮಾದರಿ 521 ಬಗೆಯ ಸದ್ದುಗಳನ್ನು ಹೇಳುತ್ತದೆ. ಸಂಗೀತ ಇದೆಯೇ ಎಂದು ಅದನ್ನು ಕೇಳಿದರೆ ಉದ್ದಕ್ಕೂ ಇದೆ ಅನ್ನುತ್ತದೆ. ಅದು ಸರಿಯೇ. ಮಾತಿನ ಹೊತ್ತಿಗೂ ಹಾರ್ಮೋನಿಯಂ ಶ್ರುತಿ ನಿಲ್ಲುವುದಿಲ್ಲ. ನಿಲ್ಲುವುದು ಮದ್ದಲೆ. ಹಾಗಾಗಿ ಪೆಟ್ಟುಗಳನ್ನು ಎಣಿಸುವಂತೆ ಮಾಡಿದೆವು. ಪೆಟ್ಟು ಒತ್ತೊತ್ತಾಗಿ ಬಿದ್ದಲ್ಲಿ ಪದ್ಯ, ಪೆಟ್ಟು ನಿಂತಲ್ಲಿ ಅರ್ಥ. ಬಡಗಿನಲ್ಲಿ ಚಂಡೆ ಎಲ್ಲ ಕಡೆ ಬಾರಿಸುವುದಿಲ್ಲ. ಒಡ್ಡೋಲಗ (ಪಾತ್ರಗಳ ಮೊದಲ ಪ್ರವೇಶ), ಯುದ್ಧ, ವೀರದ ಸನ್ನಿವೇಶಕ್ಕೆ ಏಳುತ್ತದೆ. ಚಂಡೆ ಎದ್ದ ಜಾಗಗಳನ್ನೂ ಬೇರೆಯಾಗಿ ಗುರುತು ಮಾಡಿಟ್ಟೆವು. ಯುದ್ಧ ಕುಣಿತ ಹುಡುಕುವವರಿಗೆ ಈ ಗುರುತು ಚಿತ್ರಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಆಮೇಲೆ ಹೋಲಿಕೆ. ಎರಡೂ ಕಡೆಯ ಬರಹವನ್ನು ಸರಳ ಮಾಡಿದೆವು. ದೀರ್ಘ ಹ್ರಸ್ವ ಒಂದೇ, ಧ ಮತ್ತು ದ ಒಂದೇ, ಶ ಷ ಸ ಒಂದೇ, ಲ ಳ ಒಂದೇ, ಒತ್ತಕ್ಷರ ಒಂಟಿ. ಹೀಗೆ ಮಾಡಿದ್ದನ್ನು ಮೂರು ಮೂರು ಅಕ್ಷರದ ಚೂರು ಮಾಡಿ, ಎಷ್ಟು ಚೂರು ಕೂಡಿಬರುತ್ತವೆ ಎಂದು ಲೆಕ್ಕ ಹಾಕುವುದು. ಇಷ್ಟರಿಂದಲೇ ಆಗಲಿಲ್ಲ. ಒಂದೇ ಬಗೆಯ ಶಬ್ದಗಳು ಬಹಳ ಪದ್ಯಗಳಲ್ಲಿ ಬರುತ್ತವೆ. ಇಲ್ಲಿ ಕೈಹಿಡಿದದ್ದು ಸರದಿ. ಭಾಗವತರು ಪದ್ಯ ಬಿಡುತ್ತಾರೆ, ಆದರೆ ಪುಸ್ತಕದಲ್ಲಿ ಹಿಂದಕ್ಕೆ ಹೋಗುವುದು ಅಪರೂಪ. ಆದ್ದರಿಂದ ಒಂದೊಂದು ಪದ್ಯವನ್ನು ಬೇರೆ ಬೇರೆ ಹೋಲಿಸದೆ, ಇಡೀ ರಾತ್ರಿಯ ಸರದಿಯನ್ನು ಪುಸ್ತಕದ ಸರದಿಯ ಪಕ್ಕದಲ್ಲಿಟ್ಟು ಅತಿ ಚೆನ್ನಾಗಿ ಕೂಡುವ ಜೋಡಣೆ ಹುಡುಕಿದೆವು. 1970ರಲ್ಲಿ ನೀಡಲ್‌ಮನ್ ಮತ್ತು ವುನ್ಶ್ ಪ್ರೋಟೀನ್ ಸಾಲುಗಳನ್ನು ಹೋಲಿಸಲು ಕೊಟ್ಟ ವಿಧಾನದ ಜಾತಿಯದೇ ಇದು. ಸರದಿ ಸೇರಿಸಿದ ಮೇಲೆ ಜೋಡಣೆ ಗಟ್ಟಿಯಾಯಿತು.

ತಪ್ಪಿದ ಕಡೆ ತಿದ್ದಲು ಮಾವನಿಗೆ ಒಂದು ಸರಳ ಪರದೆ ಮಾಡಿಕೊಟ್ಟೆ. ದೊಡ್ಡ ಅಕ್ಷರ, ಪದ್ಯದ ಮೊದಲ ಸಾಲು, ಒಂದು ಹೌದು, ಒಂದು ಅಲ್ಲ. ಅವರಿಗೆ ಪದ್ಯ ಪೂರ್ತಿ ಕೇಳಬೇಕಿರಲಿಲ್ಲ. ಎತ್ತುಗಡೆ (ಪದ್ಯದ ಶುರು) ಕೇಳಿದರೆ ಸಾಕು. ಒಂದು ಕಡೆ ಜೋಡಣೆ ಪೂರ್ತಿ ಜಾರಿದಾಗ "ಭಾಗವತ್ರು ಎರಡು ಪದ್ಯ ಬಿಟ್ಟು ಮುಂದೆ ಹೋಯ್ದ ತಮಾ" ಅಂದರು. ನೋಡಿದರೆ ಹಾಗೆಯೇ ಇತ್ತು.

ಕೊನೆಯ ಹೆಜ್ಜೆ ಮನುಷ್ಯರದ್ದೇ. ಪ್ರತಿ ಪದ್ಯಕ್ಕೂ ಮಾವ ಸಾದಾ ಕನ್ನಡದಲ್ಲಿ ಎರಡು ಮೂರು ವಾಕ್ಯ ಹೇಳಿದರು, ನಾನು ಟೈಪು ಮಾಡಿದೆ. ಯಾರು ಯಾರಿಗೆ ಹೇಳುವುದು, ಏನು ನಡೆಯುತ್ತದೆ, ಮನಸ್ಸು ಹೇಗಿರುತ್ತದೆ. ಉದಾಹರಣೆಗೆ: "ಕರ್ಣ ಕೃಷ್ಣನಿಗೆ. ಹುಟ್ಟು ತಿಳಿದ ಮೇಲೂ ಪಾಂಡವರ ಕಡೆ ಬರಲು ಒಪ್ಪುವುದಿಲ್ಲ. ಕೌರವನ ಉಪಕಾರ ನೆನೆಯುತ್ತಾನೆ. ದುಃಖ ಇದೆ, ಆದರೆ ಗಟ್ಟಿ." ಇದರ ವೆಕ್ಟರ್ ತೆಗೆದು ಆ ಪದ್ಯದ ಕೆಳಗೆ ಬರುವ ಎಲ್ಲ ತುಣುಕಿಗೂ ಜೋಡಿಸಿದೆವು. ಇದರ ಸೊಗಸು ನೋಡಿ. ಒಂದು ಪ್ರಸಂಗಕ್ಕೆ ಒಮ್ಮೆ ಬರೆದರೆ ಆ ಪ್ರಸಂಗದ ಎಲ್ಲ ಆಟಕ್ಕೂ, ಎಲ್ಲ ಕೂಟಕ್ಕೂ, ಮುಂದೆ ಸೇರುವ ಕ್ಯಾಸೆಟ್ಟಿಗೂ ಅದೇ ಸಾಕಾಗುತ್ತದೆ.

ಹುಡುಕಿ ನೋಡಿದಾಗ

ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದೆವು. ಕೆಲವು ಮಾವನವು, ಕೆಲವು ಕಲಿಯುವ ಹುಡುಗರವು. ಉತ್ತರ ನೋಡಿದ ಮೇಲೆ ಪ್ರಶ್ನೆ ಮಾಡಿದರೆ ಎಲ್ಲವೂ ಸರಿ ಅನ್ನಿಸುತ್ತದೆ. ಬೇಕಾದ ಜಾಗ ಮೊದಲ ಐದರಲ್ಲಿ ಬಂತೇ ಎಂಬುದೇ ಪರೀಕ್ಷೆ.

ಶಬ್ದದ ಹುಡುಕಾಟವನ್ನು ಬಿಡಲಿಲ್ಲ. ಅರ್ಥದ ಪಟ್ಟಿ, ಶಬ್ದದ ಪಟ್ಟಿ ಎರಡನ್ನೂ ತೆಗೆದು, ಪ್ರತಿ ತುಣುಕಿಗೂ ಅದರ ಸ್ಥಾನಕ್ಕೆ 60 ಕೂಡಿಸಿ ಒಂದನ್ನು ಅದರಿಂದ ಭಾಗಿಸಿ, ಎರಡು ಪಟ್ಟಿಯ ಅಂಕ ಸೇರಿಸುವುದು. ಹಳೆಯ, ಸರಳ, ನಂಬಬಹುದಾದ ವಿಧಾನ. ರಾಧೇಯ, ಸೂತಪುತ್ರ ಎಲ್ಲ ಕರ್ಣನೇ ಎಂಬ ಹೆಸರುಗಳ ಪಟ್ಟಿಯನ್ನೂ ಮಾಡಿದೆವು. ಕನ್ನಡದಲ್ಲಿ ಕರ್ಣನನ್ನು, ಕರ್ಣನಿಗೆ, ಕರ್ಣನಿಂದಲೇ ಎಂದು ಬಾಲ ಬೆಳೆಯುವುದರಿಂದ ಶಬ್ದದ ಮೊದಲ ಭಾಗ ಕೂಡಿದರೂ ಸಾಕು ಎಂದು ಇಟ್ಟೆವು.

ಹುಡುಗನ ಪ್ರಶ್ನೆಗೆ ಈಗ ಬೇರೆ ಬೇರೆ ಕೂಟಗಳ ಅದೇ ಜಾಗ ಒಂದರ ಕೆಳಗೊಂದು ಬರುತ್ತದೆ. ಪದ್ಯದ ಎತ್ತುಗಡೆಯಿಂದಲೇ ಶುರುವಾಗುವಂತೆ ಇಟ್ಟಿದ್ದೇವೆ. ಪದ್ಯ ಕೇಳದೆ ಅರ್ಥ ಕೇಳಬಾರದು ಎಂಬುದು ಮಾವನ ಹಟ, ನನಗೂ ಅದು ಸರಿ ಕಂಡಿತು. ಬಾಣ ನಟ್ಟು ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳು, ಭೀಷ್ಮನ ಎದುರು ಅಂಬೆಯ ಸಿಟ್ಟು, ಇಂಥವೂ ಚೆನ್ನಾಗಿ ಸಿಗುತ್ತವೆ.

ಸಿಗದೆ ಇರುವುದೂ ಇದೆ. "ಒಪ್ಪದ" ಎಂದು ಕೇಳಿದರೆ ಒಪ್ಪುವಂತೆ ಬೇಡುವ ಜಾಗವೂ ಬರುತ್ತದೆ. ಇಲ್ಲ, ಅಲ್ಲ ಎಂಬ ಮಾತು ವೆಕ್ಟರ್‌ನಲ್ಲಿ ಬೇಗ ಮಸುಕಾಗುತ್ತದೆ. ಕೃಷ್ಣನ ಕುಟುಕು ಮಾತನ್ನು ಮಾದರಿ ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತದೆ. ಅರ್ಥಧಾರಿ ಆ ಊರಿನ ರಸ್ತೆಯ ಬಗ್ಗೆ, ಚುನಾವಣೆಯ ಬಗ್ಗೆ ನಡುವೆ ಒಂದು ಮಾತು ಸೇರಿಸಿದರೆ ಆ ತುಣುಕು ಎಲ್ಲಿಗೋ ಹೋಗಿ ಸೇರುತ್ತದೆ. "ಕರುಣ ಚೆನ್ನಾಗಿ ಬಂದ ಜಾಗ" ಎಂದು ಕೇಳಿದರೆ ದುಃಖದ ಪದ್ಯಗಳೆಲ್ಲ ಬರುತ್ತವೆ. ಯಾವುದು ಚೆನ್ನಾಗಿ ಬಂತು ಎಂದು ಹೇಳುವುದು ಕೇಳುವವನೇ. ಅದನ್ನು ಯಂತ್ರದಿಂದ ಹೇಳಿಸುವ ಆಸೆ ನಮಗೆ ಯಾರಿಗೂ ಇರಲಿಲ್ಲ.

ಇದನ್ನು ಎಲ್ಲರಿಗೂ ತೆರೆದಿಡಿ ಎಂದು ಬಹಳ ಜನ ಕೇಳಿದರು. ಕ್ಯಾಸೆಟ್ ಮಾವನದ್ದು ನಿಜ, ಆದರೆ ಅದರಲ್ಲಿರುವ ಹಾಡು, ಮಾತು, ಕುಣಿತದ ಮೇಲೆ ಕಲಾವಿದರಿಗೂ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಪ್ರದರ್ಶನ ನಡೆದ ಮುಂದಿನ ವರ್ಷದಿಂದ 50 ವರ್ಷ ಉಳಿಯುತ್ತದೆ. ಆದ್ದರಿಂದ ಹುಡುಕಾಟ ಮನೆಯ ಕಂಪ್ಯೂಟರಿನಲ್ಲೇ ಇದೆ. ಕಲಿಯುವವರು ಬಂದು ಕೂತು ನೋಡುತ್ತಾರೆ. ಪದ್ಯಗಳ ಸರದಿ ಮತ್ತು ಮಾವನ ಸಾದಾ ಕನ್ನಡದ ವಿವರಣೆಯನ್ನು ಮಾತ್ರ ಬೇರೆ ಸಂಗ್ರಹದವರಿಗೆ ಕೊಡುತ್ತಿದ್ದೇವೆ. ಅವರಲ್ಲಿರುವ ವಿಡಿಯೊಕ್ಕೂ ಅದೇ ಹೊಂದುತ್ತದೆ.

ಸದ್ಯ ಪುಸ್ತಕ ಸಿಕ್ಕ ಪ್ರಸಂಗಗಳಷ್ಟೇ ಹೀಗೆ ಆಗಿವೆ. ಕೈಬರಹದಲ್ಲೇ ಉಳಿದ ಪ್ರಸಂಗಗಳು, ಹೊಸದಾಗಿ ಬರೆದು ಒಂದೆರಡು ಆಟ ಕಂಡವು ಬಾಕಿ ಇವೆ. ಅವುಗಳ ಪದ್ಯವನ್ನು ಭಾಗವತರ ಪಟ್ಟಿಯಿಂದಲೇ (ಪದ್ಯ ಬರೆದುಕೊಂಡ ಪುಸ್ತಕದಿಂದಲೇ) ಪಡೆಯಬೇಕು. ಒಬ್ಬ ಭಾಗವತರು ತಮ್ಮ ಹಳೆಯ ಪಟ್ಟಿಗಳ ಫೋಟೊ ತೆಗೆದುಕೊಳ್ಳಲು ಒಪ್ಪಿದ್ದಾರೆ. ಈ ಮಳೆಗಾಲದಲ್ಲಿ ಆಟ ಕಡಿಮೆ ಇರುವಾಗ ಅದನ್ನು ಟೈಪು ಮಾಡುವ ಕೆಲಸ ಹುಡುಗರು ಹಂಚಿಕೊಂಡಿದ್ದಾರೆ.